ಮೇಲಿನ ಕೋಣೆಯ ಕಂಪ್ಯೂಟರ್‌ನಿಂದ ಪಡಸಾಲೆಯ ಟಿವಿಗೆ: ಗೇಮ್ ಕನ್ಸೋಲ್‌ನಲ್ಲಿ ಮನೆಯ ವಿಡಿಯೋ ನೋಡುವುದು ಹೇಗೆ

ನಮ್ಮ ಅಪ್ಪ ದೊಡ್ಡಾಟದಲ್ಲಿ ಭೀಮನ ವೇಷ ಹಾಕುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೆ ಬಿಟ್ಟರು. ಅವರು ಕುಣಿದ ಒಂದು ರಾತ್ರಿಯ ಆಟವನ್ನು ಊರಿನವರೊಬ್ಬರು ಕ್ಯಾಮೆರಾದಲ್ಲಿ ಹಿಡಿದು, ಮೂರು ಡಿವಿಡಿ ಮಾಡಿ ಕೊಟ್ಟಿದ್ದರು. ನಾನು ಅದನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಮುಂದೆ ಇಟ್ಟೆ. ಕನ್ನಡಕ ಸರಿ ಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಇದ್ರಾಗ ಹೆಜ್ಜಿನ ಕಾಣವಲ್ದು. ದೊಡ್ಡ ಟಿವಿಗೆ ಹಚ್ಚಪಾ" ಅಂದರು.

ಪಡಸಾಲೆಯ ಟಿವಿಗೆ ತಮ್ಮನ ಗೇಮ್ ಕನ್ಸೋಲ್ ಪಿಎಸ್4, ಅಂದರೆ ಸೋನಿಯ ಪ್ಲೇಸ್ಟೇಷನ್ 4, ಜೋಡಿಸಿದೆ. ಅದಕ್ಕೇ ಡಿಸ್ಕ್ ಹಾಕಬಹುದಲ್ವಾ ಅಂತ ನೀವು ಕೇಳಬಹುದು. ಹಾಕಿ ನೋಡಿದೆವು. ಮೊದಲನೆಯದು ಓಡಿತು. ಎರಡನೆಯದು ಗೀರು ಬಿದ್ದು ಅರ್ಧಕ್ಕೇ ನಿಂತಿತು. ಆಮೇಲೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದು ಸಾಕಾಯಿತು. ನಮ್ಮ ಮನೆಯ ವಿಡಿಯೋ ಎಲ್ಲ ಇರುವುದು ಮೇಲಿನ ಕೋಣೆಯ ಕಂಪ್ಯೂಟರಿನಲ್ಲಿ: ಅಪ್ಪನ ಆಟ, ಅಕ್ಕನ ಮದುವೆ, ಗವಿಮಠದ ಜಾತ್ರೆಯ ತೇರು, ಮಕ್ಕಳ ತೊಟ್ಟಿಲು ಶಾಸ್ತ್ರ. ಅದೆಲ್ಲ ಅಲ್ಲೇ ಇರಲಿ, ಟಿವಿ ಮುಂದೆ ಕೂತವರು ಬೇಕಾದ್ದನ್ನು ಆರಿಸಿಕೊಂಡು ನೋಡಲಿ ಅನ್ನುವುದೇ ನನ್ನ ಆಸೆ ಆಗಿತ್ತು. ಇದಕ್ಕೆ ಹೊಸ ಸಾಮಾನು ಹೆಚ್ಚೇನೂ ಬೇಕಾಗಿಲ್ಲ. ಮನೆಯಲ್ಲಿರುವ ಕಂಪ್ಯೂಟರ್, ರೂಟರ್, ಕನ್ಸೋಲ್ ಮೂರೂ ಸೇರಿ ಆ ಕೆಲಸ ಮಾಡುತ್ತವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಇದಕ್ಕೆ ಯಾವ ಸರ್ವರ್ ಸಾಫ್ಟ್‌ವೇರ್ (ಕಂಪ್ಯೂಟರಿನಲ್ಲಿರುವ ವಿಡಿಯೋವನ್ನು ಬೇರೆ ಸಾಮಾನುಗಳಿಗೆ ಹಂಚುವ ತಂತ್ರಾಂಶ) ಒಳ್ಳೆಯದು ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತಾರೆ. ನನ್ನ ಅನುಭವದಲ್ಲಿ ಸಾಫ್ಟ್‌ವೇರ್ ಕೊನೆಯ ಮಾತು. ತಂತಿ ಸರಿ ಇರಬೇಕು, ಫೈಲು ಸರಿಯಾಗಿ ತಯಾರಾಗಿರಬೇಕು. ಇವೆರಡು ಆದರೆ ಯಾವ ಸರ್ವರ್ ಹಾಕಿದರೂ ಓಡುತ್ತದೆ.

ಇದು ಕೆಲಸ ಮಾಡುವ ಬಗೆ

ಇದರ ಹಿಂದೆ ಇರುವ ನಿಯಮದ ಹೆಸರು ಡಿಎಲ್‌ಎನ್‌ಎ. ಸೋನಿ, ಇಂಟೆಲ್, ಮೈಕ್ರೋಸಾಫ್ಟ್ ಮುಂತಾದ ಕಂಪನಿಗಳು ಸೇರಿ 2003ರಲ್ಲಿ ಕಟ್ಟಿದ ಒಕ್ಕೂಟ ಅದು. ಬೇರೆ ಬೇರೆ ಕಂಪನಿಯ ಸಾಮಾನುಗಳು ಮನೆಯೊಳಗೆ ಫೋಟೋ, ಹಾಡು, ವಿಡಿಯೋ ಹಂಚಿಕೊಳ್ಳಲಿ ಅಂತ ನಿಯಮ ಮಾಡಿದರು. ಒಕ್ಕೂಟ 2017ರಲ್ಲಿ ಮುಚ್ಚಿತು. ನಿಯಮ ಮಾತ್ರ ಇವತ್ತಿಗೂ ಬಳಕೆಯಲ್ಲಿದೆ.

ಕನ್ಸೋಲ್ ಮನೆಯ ನೆಟ್‌ವರ್ಕ್‌ನಲ್ಲಿ ಒಂದು ಡಂಗುರ ಸಾರುತ್ತದೆ: ವಿಡಿಯೋ ಕೊಡುವವರು ಯಾರಾದರೂ ಇದ್ದೀರಾ? ಕಂಪ್ಯೂಟರಿನಲ್ಲಿ ಸರ್ವರ್ ಓಡುತ್ತಿದ್ದರೆ ಅದು "ನಾನಿದ್ದೇನೆ" ಅನ್ನುತ್ತದೆ. ಆಗ ಅದರ ಹೆಸರು ಟಿವಿಯಲ್ಲಿ ಕಾಣಿಸುತ್ತದೆ. ಡಂಗುರ ಆ ಊರಿಗಷ್ಟೇ ಕೇಳುತ್ತದೆ, ಪಕ್ಕದ ಊರಿಗೆ ಕೇಳುವುದಿಲ್ಲ. ಹಾಗೇ ಕಂಪ್ಯೂಟರ್ ಮತ್ತು ಕನ್ಸೋಲ್ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿ ಇರಬೇಕು. ಈ ಮಾತು ನೆನಪಿರಲಿ, ಮುಂದೆ ತೊಂದರೆ ಬಂದಾಗ ಬೇಕಾಗುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಡೇಟಾ ಖರ್ಚಾಗುವುದಿಲ್ಲ. ಹೊರಗೆ ಫೈಬರ್ ಕಡಿದಿದ್ದರೂ ಮನೆಯೊಳಗೆ ವಿಡಿಯೋ ಓಡುತ್ತದೆ.

ನಿಮ್ಮಲ್ಲಿ ಯಾವ ಕನ್ಸೋಲ್ ಇದೆ?

ಪಿಎಸ್3 ಇದ್ದರೆ ಬೇರೇನೂ ಹಾಕಬೇಕಿಲ್ಲ. ಮೆನುವಿನ ವಿಡಿಯೋ ಸಾಲಿನಲ್ಲೇ ಸರ್ವರ್ ಕಾಣಿಸುತ್ತದೆ. ಆದರೆ ಎಂಕೆವಿ ಅನ್ನುವ ಬಗೆಯ ವಿಡಿಯೋ ಫೈಲನ್ನು ಅದು ಓಡಿಸುವುದಿಲ್ಲ. ಎಕ್ಸ್‌ಬಾಕ್ಸ್ 360 ಕೂಡ ಅಷ್ಟೇ.

ಪಿಎಸ್4ಗೆ ಸೋನಿಯವರು 2015ರಲ್ಲಿ ಮೀಡಿಯಾ ಪ್ಲೇಯರ್ ಅನ್ನುವ ಆ್ಯಪ್ ಕೊಟ್ಟರು. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಅದು ಉಚಿತ. ಒಮ್ಮೆ ಇಳಿಸಿಕೊಂಡರೆ ಸಾಕು. ಎಂಕೆವಿ, ಎಂಪಿ4, ಎವಿಐ ಮೂರೂ ಇದರಲ್ಲಿ ಓಡುತ್ತವೆ. ಆದರೆ ಈಚಿನ ಫೋನ್‌ಗಳು ಎಚ್‌ಇವಿಸಿ ಅನ್ನುವ ಹೊಸ ಬಗೆಯಲ್ಲಿ ಕುಗ್ಗಿಸಿಡುವ ವಿಡಿಯೋ ಓಡುವುದಿಲ್ಲ.

ಪಿಎಸ್5 ಕೊಂಡವರು ಗಮನಿಸಿ. ಅದರಲ್ಲಿ ಈ ಮೀಡಿಯಾ ಪ್ಲೇಯರ್ ಇಲ್ಲ. ಅಲ್ಲಿ ಪ್ಲೆಕ್ಸ್ ಆ್ಯಪ್ ಹಾಕಿ, ಕಂಪ್ಯೂಟರಿನಲ್ಲೂ ಪ್ಲೆಕ್ಸ್ ಸರ್ವರ್ ಹಾಕಬೇಕು. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಇದ್ದವರ ಕೈಯಲ್ಲಿ ಆಯ್ಕೆ ಜಾಸ್ತಿ: ವಿಎಲ್‌ಸಿ, ಕೋಡಿ, ಪ್ಲೆಕ್ಸ್, ಜೆಲ್ಲಿಫಿನ್ ನಾಲ್ಕು ಆ್ಯಪ್‌ಗಳೂ ಸಿಗುತ್ತವೆ. ನಿಂಟೆಂಡೋ ಸ್ವಿಚ್ ಈ ಕೆಲಸಕ್ಕೆ ಆಗುವುದಿಲ್ಲ.

ನಾನು ಮುಂದೆ ಹೇಳುವುದು ಹೆಚ್ಚಾಗಿ ಪಿಎಸ್4 ಲೆಕ್ಕದಲ್ಲಿ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಹೆಚ್ಚಾಗಿ ನೋಡಿರುವುದು ಅದನ್ನೇ. ಫೈಲು ತಯಾರಿಸುವ ಭಾಗ ಮಾತ್ರ ಎಲ್ಲರಿಗೂ ಒಂದೇ.

ಮೊದಲು ತಂತಿ

ನಮ್ಮ ಮನೆಯ ಮುಂಭಾಗ ಹಳೇ ಮಾಳಿಗೆ. ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಹಿಂದೆ ಸ್ಲ್ಯಾಬ್ ಹಾಕಿ ಮೇಲೊಂದು ಕೋಣೆ ಕಟ್ಟಿದ್ದೇವೆ. ರೂಟರ್, ಕಂಪ್ಯೂಟರ್ ಎರಡೂ ಅಲ್ಲೇ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಇಂಥ ಮನೆಗಳು ಇನ್ನೂ ಎಷ್ಟೋ ಇವೆ. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಅದೇ ಗೋಡೆ ವೈಫೈಯನ್ನು ತಿಂದುಬಿಡುತ್ತದೆ. ಫೋನಿನಲ್ಲಿ ಮೆಸೇಜ್ ಬರುತ್ತದೆ, ವಾಟ್ಸಾಪ್ ಕಾಲ್ ಕೂಡ ನಡೆಯುತ್ತದೆ. ವಿಡಿಯೋ ಮಾತ್ರ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತದೆ.

ಪಿಎಸ್4ರ ಮೊದಲ ಮಾಡೆಲ್‌ನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇದೆ. 2016ರಲ್ಲಿ ಬಂದ ಸ್ಲಿಮ್ ಮತ್ತು ಪ್ರೋ ಮಾಡೆಲ್‌ಗಳಲ್ಲಿ 5 ಗಿಗಾಹರ್ಟ್ಸ್ ಕೂಡ ಇದೆ. ಆದರೆ 5 ಗಿಗಾಹರ್ಟ್ಸ್ ಅಲೆಗೆ ದಪ್ಪ ಗೋಡೆ ದಾಟುವ ಶಕ್ತಿ ಇನ್ನೂ ಕಡಿಮೆ. ಹಾಗಾಗಿ ನನ್ನ ಸಲಹೆ ಒಂದೇ: ರೂಟರಿನಿಂದ ಕನ್ಸೋಲ್‌ವರೆಗೆ ಲ್ಯಾನ್ ಕೇಬಲ್ ಎಳೆಯಿರಿ. ಕಂಪ್ಯೂಟರಿನಿಂದ ರೂಟರಿಗೂ ಕೇಬಲ್ಲೇ ಇರಲಿ.

ಸ್ವಲ್ಪ ಲೆಕ್ಕ ನೋಡೋಣ. ಒಳ್ಳೆಯ ಫುಲ್ ಎಚ್‌ಡಿ ವಿಡಿಯೋಗೆ ಸೆಕೆಂಡಿಗೆ ಸುಮಾರು 8 ಮೆಗಾಬಿಟ್ ಬೇಕು. ಎರಡು ಗಂಟೆಯ ವಿಡಿಯೋ ಅಂದರೆ 7.2 ಜಿಬಿ. ಸಾಧಾರಣ ಲ್ಯಾನ್ ಕೇಬಲ್ ಸೆಕೆಂಡಿಗೆ 100 ಮೆಗಾಬಿಟ್ ಸಲೀಸಾಗಿ ಸಾಗಿಸುತ್ತದೆ. ಬೇಕಾದ್ದಕ್ಕಿಂತ ಹನ್ನೆರಡು ಪಟ್ಟು. ವೈಫೈ ಒಳ್ಳೆಯ ಗಳಿಗೆಯಲ್ಲಿ ಅಷ್ಟು ಕೊಡಬಹುದು. ಆದರೆ ಗಳಿಗೆ ಗಳಿಗೆಗೂ ಬದಲಾಗುತ್ತದೆ. ವಿಡಿಯೋಗೆ ಬೇಕಾದ್ದು ಜೋರಾದ ಹರಿವಲ್ಲ, ನಿಲ್ಲದ ಹರಿವು.

ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ತನ್ನಿ. ಒಂದೇ ಎಳೆತದಲ್ಲಿ 100 ಮೀಟರ್‌ವರೆಗೆ ಹೋಗಬಹುದು, ಮನೆಗೆ ಅದು ಬೇಕಾದಷ್ಟಾಯಿತು. ನಾವು ಗೋಡೆ ಕೊರೆಯಲಿಲ್ಲ. ಮಾಳಿಗೆಯ ಬೆಳಕಿಂಡಿಯ ಮೂಲೆಯಿಂದ ಕೇಬಲ್ ಇಳಿಸಿದೆವು. ಹೊರಗೆ ಬಿಸಿಲಿಗೆ ಬೀಳುವಷ್ಟು ದೂರ ಪಿವಿಸಿ ಪೈಪಿನೊಳಗೆ ಹಾಕಿದೆವು. ಇದನ್ನು ಬಿಡಬೇಡಿ. ನಮ್ಮ ಬಿಸಿಲಿಗೆ ಕೇಬಲ್‌ನ ಮೇಲಿನ ಹೊದಿಕೆ ಒಡೆದು ಪುಡಿಯಾಗುತ್ತದೆ. ಪೈಪ್ ಇದ್ದರೆ ಇಲಿ ಕಡಿಯುವುದೂ ತಪ್ಪುತ್ತದೆ. ಬೆಳಕಿಂಡಿಯ ಸಂದಿಗೆ ಮಳೆಗಾಲಕ್ಕೆ ಮುಂಚೆ ಸಿಮೆಂಟ್ ಮೆತ್ತಿ. ಪೈಪಿನ ಹೊರಗಿನ ಬಾಯಿ ಕೆಳಕ್ಕೆ ಬಾಗಿರಲಿ, ನೀರು ಒಳಗೆ ಇಳಿಯುವುದಿಲ್ಲ.

ಕೇಬಲ್ ತುದಿಗೆ ಜ್ಯಾಕ್ ಹೊಡೆಯುವ ಕೆಲಸವನ್ನು ಮೊದಲ ಸಲ ಒಬ್ಬರಿಂದ ಮಾಡಿಸಿದೆ. ಎರಡು ತಿಂಗಳಿಗೆ ಸಡಿಲಾಯಿತು. ಆಮೇಲೆ ನಾನೇ ಕಲಿತೆ. ಒಳಗೆ ಎಂಟು ಎಳೆ ಇರುತ್ತವೆ. ಜ್ಯಾಕ್‌ನ ಚಿನ್ನದ ಹಲ್ಲು ನಿಮ್ಮ ಕಡೆ, ಕೇಬಲ್ ಕೆಳಗೆ ಬರುವ ಹಾಗೆ ಹಿಡಿದರೆ ಎಡದಿಂದ ಬಣ್ಣಗಳ ಸಾಲು ಹೀಗೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿಗೆ ಇದೇ ಸಾಲು. ಹೊರಗಿನ ದಪ್ಪ ಹೊದಿಕೆಯೂ ಜ್ಯಾಕ್‌ನೊಳಗೆ ಸ್ವಲ್ಪ ಹೋಗಬೇಕು, ಆಗಲೇ ಎಳೆದರೂ ಬಿಚ್ಚಿ ಬರುವುದಿಲ್ಲ. ನಮ್ಮಲ್ಲಿ ಸಡಿಲಾಗಿದ್ದು ಇದೇ ಕಾರಣಕ್ಕೆ.

ಫೈಲಿನ ಒಳಗೆ ಏನಿದೆ?

ಇಲ್ಲೇ ಹೆಚ್ಚಿನವರು ಎಡವುವುದು. ಎಂಪಿ4, ಎಂಕೆವಿ, ಎವಿಐ ಅನ್ನುವುದು ಡಬ್ಬಿಯ ಹೆಸರು. ಒಳಗಿನ ಸಾಮಾನು ಬೇರೆ. ಮನೆಯಲ್ಲಿ ಒಂದೇ ಥರದ ಎರಡು ಡಬ್ಬಿಯಲ್ಲಿ ಒಂದರಲ್ಲಿ ಸಜ್ಜಿ ಹಿಟ್ಟು, ಇನ್ನೊಂದರಲ್ಲಿ ಕಡ್ಲಿ ಹಿಟ್ಟು ಇರುತ್ತದಲ್ವಾ, ಹಾಗೆ. ಎರಡು ಎಂಪಿ4 ಫೈಲಿನಲ್ಲಿ ಒಂದು ಓಡುತ್ತದೆ, ಇನ್ನೊಂದು ಓಡುವುದಿಲ್ಲ ಅಂದರೆ ಒಳಗಿನದು ಬೇರೆ ಅಂತ ತಿಳಿಯಿರಿ.

ಒಳಗೆ ಎರಡು ಮುಖ್ಯ: ಚಿತ್ರದ ಕೋಡೆಕ್, ಸದ್ದಿನ ಕೋಡೆಕ್. ಕೋಡೆಕ್ ಅಂದರೆ ಚಿತ್ರವನ್ನೋ ಸದ್ದನ್ನೋ ಕುಗ್ಗಿಸಿಡುವ ವಿಧಾನ. ಯಾವ ಕೋಡೆಕ್ ಇದೆ ಅಂತ ನೋಡುವುದಕ್ಕೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಸಾಕು. ವಿಡಿಯೋ ತೆರೆದು, ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಇನ್ಫರ್ಮೇಷನ್ ಒತ್ತಿ. ಚಿತ್ರ ಎಚ್.264, ಸದ್ದು ಎಎಸಿ ಅಂತ ಇದ್ದು, ಡಬ್ಬಿ ಎಂಪಿ4 ಆಗಿದ್ದರೆ ಆ ಫೈಲಿಗೆ ಏನೂ ಮಾಡಬೇಡಿ. ಪಿಎಸ್3, ಪಿಎಸ್4, ಎಕ್ಸ್‌ಬಾಕ್ಸ್ 360 ಮತ್ತು ಅದರ ಮುಂದಿನವು ಎಲ್ಲದಕ್ಕೂ ಒಗ್ಗುವ ಜೋಡಿ ಇದು. ಎಕ್ಸ್‌ಬಾಕ್ಸ್ 360 ಇದ್ದವರಿಗೆ ಎಎಸಿ ಎರಡು ಚಾನೆಲ್‌ನದು, ಅಂದರೆ ಸ್ಟೀರಿಯೋ ಆಗಿರಬೇಕು.

ಒಳಗಿನದು ಸರಿ ಇದೆ, ಡಬ್ಬಿ ಮಾತ್ರ ಎಂಕೆವಿ, ನಿಮ್ಮದು ಹಳೇ ಕನ್ಸೋಲ್ ಅಂದರೆ ಪೂರ್ತಿ ಪರಿವರ್ತನೆ ಬೇಡ. ಅವಿಡಿಮಕ್ಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಚಿತ್ರಕ್ಕೂ ಸದ್ದಿಗೂ "ಕಾಪಿ" ಇಟ್ಟು, ಕೆಳಗೆ ಎಂಪಿ4 ಮಕ್ಸರ್ ಆರಿಸಿ ಸೇವ್ ಮಾಡಿ. ಕೆಲವೇ ನಿಮಿಷದ ಕೆಲಸ. ಚಿತ್ರದ ಗುಣ ಒಂದಿಷ್ಟೂ ಕೆಡುವುದಿಲ್ಲ.

ಇನ್ನು ಉಳಿದವು: ಮದುವೆಯ ಡಿವಿಡಿ, ಅದಕ್ಕೂ ಹಿಂದಿನ ವಿಸಿಡಿ, ಫೋನಿನ ಎಚ್‌ಇವಿಸಿ ವಿಡಿಯೋ. ಇವನ್ನು ತಯಾರು ಮಾಡಬೇಕು.

ಸರ್ವರ್ ತಂತ್ರಾಂಶಗಳು ಇದನ್ನು ತಾವೇ ಮಾಡಿಕೊಡುತ್ತವೆ ಅನ್ನುವುದು ನಿಜ. ವಿಡಿಯೋ ಓಡುತ್ತಿರುವಾಗಲೇ ಪರಿವರ್ತಿಸಿ ಕಳಿಸುತ್ತವೆ. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ. ಮೊದಲು ನಾನೂ ಅದನ್ನೇ ನಂಬಿದ್ದೆ. ಆದರೆ ಪ್ರತಿ ಸಲ ನೋಡುವಾಗಲೂ ಕಂಪ್ಯೂಟರ್ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ, ಸ್ಲ್ಯಾಬಿನ ಕೋಣೆಯಲ್ಲಿ ಪ್ರೊಸೆಸರ್ ಕಾದು, ತಾನೇ ವೇಗ ತಗ್ಗಿಸಿಕೊಂಡು, ವಿಡಿಯೋ ತಡವರಿಸುತ್ತಿತ್ತು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಅಪ್ಪ "ಹಿಂದಕ್ಕ ತಗೊ" ಅಂದಾಗ ಹಿಂದಕ್ಕೆ ಹೋಗುತ್ತಿರಲಿಲ್ಲ. ಆಗತಾನೇ ತಯಾರಾಗುತ್ತಿರುವ ವಿಡಿಯೋದಲ್ಲಿ ಹಿಂದೆ ಮುಂದೆ ಓಡಾಡುವುದು ಕಷ್ಟ. ಕನ್ಸೋಲ್‌ಗೆ ಒಗ್ಗುವ ಫೈಲು ಸಿದ್ಧವಾಗಿ ಇದ್ದರೆ, ಕಂಪ್ಯೂಟರ್ ಅದನ್ನು ಹಾಗೇ ಕಳಿಸಿಕೊಡುತ್ತದೆ. ಅದಕ್ಕೆ ಶಕ್ತಿಯೇ ಬೇಕಿಲ್ಲ. ಹಿಂದೆ ಮುಂದೆ ಹೋಗುವುದೂ ಸಲೀಸು.

ಹಾಗಾಗಿ ಒಮ್ಮೆ ಕೂತು ತಯಾರು ಮಾಡಿಡಿ.

ಹ್ಯಾಂಡ್‌ಬ್ರೇಕ್‌ನಲ್ಲಿ ತಯಾರಿ

ಹ್ಯಾಂಡ್‌ಬ್ರೇಕ್ ಉಚಿತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಡಿವಿಡಿ ಇದ್ದರೆ ಮೊದಲು ಅದರ ವಿಡಿಯೋ ಟಿಎಸ್ ಫೋಲ್ಡರನ್ನು ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡಿ. ಒಳಗೆ ಸುಮಾರು 1 ಜಿಬಿಯ ತುಂಡುಗಳು ಇರುತ್ತವೆ, ಅವನ್ನು ಒಂದೊಂದಾಗಿ ತೆರೆಯಬೇಡಿ. ಹ್ಯಾಂಡ್‌ಬ್ರೇಕ್‌ನಲ್ಲಿ ಇಡೀ ಫೋಲ್ಡರನ್ನು ತೆರೆದರೆ ಅದೇ ತುಂಡುಗಳನ್ನು ಜೋಡಿಸಿಕೊಳ್ಳುತ್ತದೆ. ಟೈಟಲ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿ. ಗೀರು ಬಿದ್ದ ಡಿಸ್ಕ್ ಕಾಪಿ ಆಗದಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ. ಬೇರೆ ಡ್ರೈವ್‌ನಲ್ಲಿಯೂ ಹಾಕಿ ನೋಡಿ. ನಮ್ಮ ಎರಡನೇ ಡಿಸ್ಕ್ ಗೆಳೆಯನ ಹಳೇ ಕಂಪ್ಯೂಟರಿನಲ್ಲಿ ಪೂರ್ತಿ ಕಾಪಿ ಆಯಿತು.

ಪ್ರಿಸೆಟ್, ಅಂದರೆ ಸಿದ್ಧ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ ಫಾಸ್ಟ್ 576ಪಿ25 ಆರಿಸಿ. ನಮ್ಮ ದೇಶದ ಡಿವಿಡಿಗಳು ಸಾಮಾನ್ಯವಾಗಿ 720 ಗುಣಿಸು 576 ಅಳತೆಯ ಪಾಲ್ ಪದ್ಧತಿಯವು. ಇದಾದ ಮೇಲೆ ಒಂದು ಬದಲಾವಣೆ ಮಾಡಲೇಬೇಕು. ಹಳೇ ಕ್ಯಾಮೆರಾಗಳು ಚಿತ್ರವನ್ನು ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ, ಸೆಕೆಂಡಿಗೆ 50 ಅರೆಚಿತ್ರಗಳಾಗಿ ಹಿಡಿಯುತ್ತಿದ್ದವು. ಹಾಗೇ ಬಿಟ್ಟರೆ ವೇಗವಾಗಿ ಅಲುಗುವ ಕೈಕಾಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣಿಸುತ್ತವೆ. ಸುಮ್ನೆ ಡೀಇಂಟರ್‌ಲೇಸ್ ಮಾಡಿದರೆ, ಅಂದರೆ ಅರೆಚಿತ್ರಗಳನ್ನು ಇಡೀ ಚಿತ್ರ ಮಾಡಿದರೆ, ಗೆರೆ ಹೋಗುತ್ತದೆ, ಆದರೆ ಸೆಕೆಂಡಿಗೆ 25 ಚಿತ್ರ ಮಾತ್ರ ಉಳಿದು ಕುಣಿತ ಎಗರಿದಂತೆ ಕಾಣುತ್ತದೆ. ದೊಡ್ಡಾಟದಲ್ಲಿ ಹೆಜ್ಜೆಯೇ ಮುಖ್ಯ ಅಲ್ವಾ? ಆದ್ದರಿಂದ ಫಿಲ್ಟರ್ಸ್ ಪುಟದಲ್ಲಿ ಡೀಇಂಟರ್‌ಲೇಸ್‌ಗೆ ಯಾಡಿಫ್, ಅದರ ಪಕ್ಕದಲ್ಲಿ ಬಾಬ್ ಆರಿಸಿ. ವಿಡಿಯೋ ಪುಟದಲ್ಲಿ ಫ್ರೇಮ್‌ರೇಟ್ 50 ಮಾಡಿ, ಕಾನ್‌ಸ್ಟಂಟ್ ಗುರುತು ಹಾಕಿ. ಆಗ 50 ಅರೆಚಿತ್ರಗಳೂ 50 ಚಿತ್ರಗಳಾಗುತ್ತವೆ. ಅಪ್ಪನ ಗೆಜ್ಜೆಕಾಲು ನೆಲಕ್ಕೆ ಬೀಳುವುದು, ಏಳುವುದು ಬೇರೆ ಬೇರೆಯಾಗಿ ಕಾಣಿಸಿದ್ದು ಇದನ್ನು ಮಾಡಿದ ಮೇಲೆಯೇ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಬದಲಾವಣೆ ಇದು.

ಅದೇ ವಿಡಿಯೋ ಪುಟದಲ್ಲಿ ಎನ್‌ಕೋಡರ್ ಎಚ್.264 ಇರಲಿ. ಕ್ವಾಲಿಟಿ ಅನ್ನುವ ಪಟ್ಟಿಯಲ್ಲಿ ಆರ್‌ಎಫ್ ಅಂಕಿ ಇರುತ್ತದೆ. ಅಂಕಿ ಕಡಿಮೆ ಆದಷ್ಟು ಚಿತ್ರ ಚೆನ್ನ, ಫೈಲು ದೊಡ್ಡದು. ಡಿವಿಡಿಗೆ 18ರಿಂದ 22, ಫುಲ್ ಎಚ್‌ಡಿಗೆ 20ರಿಂದ 24 ಸಾಕು. ಹಗಲಲ್ಲಿ ತೆಗೆದದ್ದಕ್ಕೆ 20 ಇಡಿ.

ರಾತ್ರಿ ತೆಗೆದದ್ದು, ದೀಪದ ಬೆಳಕಿನದು ಆದರೆ 18ಕ್ಕೆ ಇಳಿಸಿ. ಇದಕ್ಕೆ ಒಂದು ಉದಾಹರಣೆ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ತೊಗಲು ಗೊಂಬೆಯಾಟ ಇನ್ನೂ ಇದೆ. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅಂಥ ಆಟವನ್ನು ನೀವು ಫೋನಿನಲ್ಲಿ ಹಿಡಿದಿದ್ದರೆ ನೋಡಿ: ಬಿಳಿ ಪರದೆ, ಹಿಂದಿನಿಂದ ಬೆಳಕು, ಸುತ್ತ ಕತ್ತಲೆ. ಫೈಲು ಚಿಕ್ಕದಾಗಲಿ ಅಂತ ಹೆಚ್ಚಿನ ಅಂಕಿ ಇಟ್ಟರೆ ಆ ಕತ್ತಲೆಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಗೊಂಬೆಯ ತೊಗಲಿನ ಕೆಂಪು, ಹಸಿರು ಬಣ್ಣ ಕಲಸಿ ಹೋಗುತ್ತದೆ. ಇಂಥದ್ದಕ್ಕೆ ಜಾಗ ಉಳಿಸಲು ಹೋಗಬೇಡಿ.

ಆಡಿಯೋ ಪುಟದಲ್ಲಿ ಎಎಸಿ, ಮಿಕ್ಸ್‌ಡೌನ್ ಸ್ಟೀರಿಯೋ, ಬಿಟ್‌ರೇಟ್ 160. ಮೊದಲ ಪುಟದಲ್ಲಿ ಡಬ್ಬಿ ಎಂಪಿ4, ಜೊತೆಗೆ ವೆಬ್ ಆಪ್ಟಿಮೈಸ್ಡ್ ಗುರುತು. ಈ ಗುರುತು ಹಾಕಿದರೆ ಫೈಲಿನ ಸೂಚಿ ಕೊನೆಯಲ್ಲಿ ಇರದೆ ಮೊದಲಿಗೆ ಬರುತ್ತದೆ, ವಿಡಿಯೋ ಬೇಗ ಶುರುವಾಗುತ್ತದೆ. ಸಬ್‌ಟೈಟಲ್ ಬೇಕಿದ್ದರೆ ಬರ್ನ್ ಇನ್ ಮಾಡಿ, ಅಂದರೆ ಅಕ್ಷರವನ್ನು ಚಿತ್ರದಲ್ಲೇ ಅಚ್ಚೊತ್ತಿ, ಆಗ ಕನ್ಸೋಲ್‌ನಲ್ಲಿ ಕನ್ನಡ ಅಕ್ಷರ ಇದೆಯೋ ಇಲ್ಲವೋ ಅನ್ನುವ ಚಿಂತೆ ಇಲ್ಲ.

ಫೋನಿನ ವಿಡಿಯೋಗೆ ಫಾಸ್ಟ್ 1080ಪಿ30 ಪ್ರಿಸೆಟ್ ಸಾಕು, ಮೇಲಿನ ಡೀಇಂಟರ್‌ಲೇಸ್ ಬೇಡ. ಫೋನ್ ನಿಲ್ಲಿಸಿ ಹಿಡಿದ ವಿಡಿಯೋ ಟಿವಿಯಲ್ಲಿ ಮಲಗಿ ಕಾಣುತ್ತಿದ್ದರೆ ಅದೂ ಇದರಲ್ಲಿ ನೇರವಾಗುತ್ತದೆ. ಮುಂದೆ ತೆಗೆಯುವ ವಿಡಿಯೋಗಾದರೂ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಹೈ ಎಫಿಷಿಯೆನ್ಸಿ ತೆಗೆದುಬಿಡಿ, ಎಚ್.264ನಲ್ಲೇ ಉಳಿಯುತ್ತದೆ.

ಎಲ್ಲವನ್ನೂ ಕ್ಯೂಗೆ ಸೇರಿಸಿ, ರಾತ್ರಿ ಊಟ ಆದ ಮೇಲೆ ಸ್ಟಾರ್ಟ್ ಒತ್ತಿ ಮಲಗಿ. ತಂಪು ಹೊತ್ತಿನಲ್ಲಿ ಮಷಿನ್‌ಗೂ ಆಯಾಸ ಇಲ್ಲ. ನಮ್ಮ 4 ಜಿಬಿಯ ಒಂದೊಂದು ಡಿಸ್ಕ್ ಒಂದೂವರೆ ಜಿಬಿ ಆಸುಪಾಸಿಗೆ ಬಂತು. ಮೂಲ ಫೋಲ್ಡರನ್ನು ಅಳಿಸಬೇಡಿ. ಬೇರೊಂದು ಹಾರ್ಡ್ ಡಿಸ್ಕ್‌ನಲ್ಲಿ ಇಡಿ.

ಕಂಪ್ಯೂಟರ್‌ನಲ್ಲಿ ಹಂಚುವ ವ್ಯವಸ್ಥೆ

ಮೊದಲು ವಿಂಡೋಸ್‌ನಲ್ಲೇ ಇರುವುದನ್ನು ಬಳಸಿ ನೋಡಿ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟಕ್ಕೆ ಹೋಗಿ, ನಿಮ್ಮ ಸಂಪರ್ಕವನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಾಯಿಸಿ. ಪಬ್ಲಿಕ್ ಇದ್ದರೆ ಕಂಪ್ಯೂಟರ್ ಯಾರಿಗೂ ಉತ್ತರ ಕೊಡುವುದಿಲ್ಲ. ಆಮೇಲೆ ಕಂಟ್ರೋಲ್ ಪ್ಯಾನಲ್ ತೆರೆದು, ಹುಡುಕುವ ಜಾಗದಲ್ಲಿ ಮೀಡಿಯಾ ಸ್ಟ್ರೀಮಿಂಗ್ ಆಪ್ಷನ್ಸ್ ಅಂತ ಕೊಡಿ. ಟರ್ನ್ ಆನ್ ಮೀಡಿಯಾ ಸ್ಟ್ರೀಮಿಂಗ್ ಒತ್ತಿ. ಹೆಸರು ಕೇಳುತ್ತದೆ. ಮನೆಯವರಿಗೆ ಗುರುತು ಸಿಗುವ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಕೆಳಗಿನ ಪಟ್ಟಿಯಲ್ಲಿ ನಿಮ್ಮ ಕನ್ಸೋಲ್ ಕಾಣಿಸಿದರೆ ಅದರ ಮುಂದೆ ಅಲೌಡ್ ಇರಲಿ.

ತಯಾರಾದ ಫೈಲುಗಳನ್ನು ವಿಡಿಯೋಸ್ ಫೋಲ್ಡರಿನೊಳಗೆ ಬೇರೆ ಬೇರೆ ಫೋಲ್ಡರ್ ಮಾಡಿ ಇಡಿ: ಆಟ, ಮದುವೆ, ಜಾತ್ರೆ, ಮಕ್ಕಳು. ಫೈಲಿನ ಹೆಸರಿನ ಮೊದಲು ವರ್ಷ ಬರೆಯಿರಿ, ಆಗ ಪಟ್ಟಿ ತಾನಾಗಿಯೇ ಕಾಲದ ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಬರೆದ ಹೆಸರು ಟಿವಿಯಲ್ಲಿ ಚೌಕದ ಹಾಗೆ ಕಂಡರೆ ಇಂಗ್ಲಿಷ್ ಅಕ್ಷರದಲ್ಲಿ ಬದಲಾಯಿಸಿ. ನನಗೆ ಇದು ಇಷ್ಟವಿಲ್ಲ, ಆದರೆ ಸದ್ಯಕ್ಕೆ ದಾರಿ ಅದೇ.

ವಿಂಡೋಸ್‌ನ ಈ ಸೌಲಭ್ಯ ನಿಮ್ಮಲ್ಲಿ ಸಿಗದಿದ್ದರೆ ಅಥವಾ ಆಗಾಗ ಕೈಕೊಟ್ಟರೆ ಯೂನಿವರ್ಸಲ್ ಮೀಡಿಯಾ ಸರ್ವರ್ ಹಾಕಿ. ಉಚಿತ. ಪಿಎಸ್3ಗೆ ಅಂತಲೇ ಯಾರೋ ಬರೆದ ಪಿಎಸ್3 ಮೀಡಿಯಾ ಸರ್ವರ್‌ನಿಂದ ಬೆಳೆದ ತಂತ್ರಾಂಶ ಇದು, ಹಾಗಾಗಿ ಕನ್ಸೋಲ್‌ಗಳ ಸ್ವಭಾವ ಇದಕ್ಕೆ ಚೆನ್ನಾಗಿ ಗೊತ್ತು. ಹಾಕಿದಾಗ ಫೈರ್‌ವಾಲ್ ಒಪ್ಪಿಗೆ ಕೇಳುತ್ತದೆ, ಪ್ರೈವೇಟ್ ನೆಟ್‌ವರ್ಕ್‌ಗೆ ಒಪ್ಪಿಗೆ ಕೊಡಿ. ಶೇರ್ಡ್ ಕಂಟೆಂಟ್ ಪುಟದಲ್ಲಿ ನಿಮ್ಮ ಫೋಲ್ಡರ್ ಸೇರಿಸಿ. ಕನ್ಸೋಲ್ ಆನ್ ಆದಾಗ ಅದು ಇಲ್ಲಿ ಕಾಣಿಸುತ್ತದೆ. ಕಾಣಿಸಿತು ಅಂದರೆ ತಂತಿಯ ಕೆಲಸ ಸರಿ ಇದೆ ಅಂತ ಅರ್ಥ.

ಜೆಲ್ಲಿಫಿನ್ ಕೂಡ ಒಳ್ಳೆಯದೇ. ಪೋಸ್ಟರ್, ವಿವರ ಎಲ್ಲ ಚಂದವಾಗಿ ತೋರಿಸುತ್ತದೆ. ಆದರೆ ಅದರ ಹೊಸ ಆವೃತ್ತಿಗಳಲ್ಲಿ ಡಿಎಲ್‌ಎನ್‌ಎ ಬೇರೆ ಪ್ಲಗಿನ್ ಆಗಿದೆ, ಪಿಎಸ್4 ಇದ್ದವರು ಅದನ್ನು ಸೇರಿಸಿಕೊಳ್ಳಬೇಕು. ಮನೆಯ ನಾಲ್ಕು ಫೋಲ್ಡರ್ ವಿಡಿಯೋಗೆ ಇಷ್ಟು ದೊಡ್ಡ ಏರ್ಪಾಡು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕೊನೆಯದಾಗಿ ಕಂಪ್ಯೂಟರಿನ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ನೆವರ್ ಮಾಡಿ. ಕಂಪ್ಯೂಟರ್ ಮಲಗಿದರೆ ಸರ್ವರ್ ಕೂಡ ಮಲಗುತ್ತದೆ. ಸ್ಕ್ರೀನ್ ಆಫ್ ಆದರೆ ಚಿಂತೆ ಇಲ್ಲ.

ಪಿಎಸ್4ನಲ್ಲಿ

ಮೀಡಿಯಾ ಪ್ಲೇಯರ್ ತೆರೆಯಿರಿ. ನಿಮ್ಮ ಸರ್ವರ್ ಹೆಸರು ಬರುತ್ತದೆ. ಒಳಗೆ ವಿಡಿಯೋ, ಫೋಲ್ಡರ್ಸ್, ನಿಮ್ಮ ಫೋಲ್ಡರ್, ಫೈಲು. ಅಷ್ಟೇ. ಅವ್ವನಿಗೆ ಎರಡೇ ಬಟನ್ ಹೇಳಿಕೊಟ್ಟಿದ್ದೇನೆ: ಗುಣಿಸುವ ಚಿಹ್ನೆ ಅಂದರೆ ಒಳಗೆ ಹೋಗು, ಸೊನ್ನೆ ಅಂದರೆ ವಾಪಸ್ ಬಾ.

ಕೈಕೊಟ್ಟಾಗ

ಸರ್ವರ್ ಹೆಸರೇ ಕಾಣುತ್ತಿಲ್ಲವೇ? ಡಂಗುರ ಕೇಳಿಸುತ್ತಿಲ್ಲ ಅಂತ ಅರ್ಥ. ಫೈಬರ್ ಕನೆಕ್ಷನ್ ಇರುವ ಮನೆಗಳಲ್ಲಿ ಒಂದು ವಿಷಯ ಜಾಸ್ತಿ ನೋಡಿದ್ದೇನೆ. ಕನೆಕ್ಷನ್ ಕೊಟ್ಟವರ ಪೆಟ್ಟಿಗೆಯೇ ಒಂದು ರೂಟರ್ ಆಗಿರುತ್ತದೆ. ನಾವು ಅದರ ಮುಂದೆ ಇನ್ನೊಂದು ರೂಟರ್ ಹಾಕಿರುತ್ತೇವೆ. ಕಂಪ್ಯೂಟರ್ ಒಂದಕ್ಕೆ, ಕನ್ಸೋಲ್ ಇನ್ನೊಂದಕ್ಕೆ ಸೇರಿದರೆ ಅವು ಎರಡು ಬೇರೆ ಊರು. ಎರಡರ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅವುಗಳ ಗುರುತಿನ ಅಂಕಿ, ನೋಡಿ. ಒಂದು 192.168.1 ಅಂತ, ಇನ್ನೊಂದು 192.168.0 ಅಂತ ಶುರುವಾದರೆ ತೊಂದರೆ ಇದೇ. ಎರಡನ್ನೂ ಒಂದೇ ರೂಟರಿಗೆ ಸೇರಿಸಿ, ಅಥವಾ ನಿಮ್ಮ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಗೆಸ್ಟ್ ವೈಫೈಗೆ ಸೇರಿದ್ದರೂ ಹೀಗೇ ಆಗುತ್ತದೆ.

ಚಿತ್ರ ಬಂದು ಸದ್ದು ಬರದಿದ್ದರೆ ಸದ್ದಿನ ಕೋಡೆಕ್ ನೋಡಿ. ಡಿಟಿಎಸ್ ಇದ್ದರೆ ಪಿಎಸ್4 ಮೀಡಿಯಾ ಪ್ಲೇಯರ್‌ಗೆ ಅದು ಆಗುವುದಿಲ್ಲ. ಪಿಎಸ್3ಯಲ್ಲಿ ಅನ್‌ಸಪೋರ್ಟೆಡ್ ಡೇಟಾ ಅಂತ ಬಂದರೂ ಅದೇ ಥರ, ಒಳಗಿನ ಸಾಮಾನು ನೋಡಿ. ಹೊಸ ಫೈಲು ಪಟ್ಟಿಗೆ ಬರದಿದ್ದರೆ ಸ್ವಲ್ಪ ಕಾದು, ಮೀಡಿಯಾ ಪ್ಲೇಯರ್ ಮುಚ್ಚಿ ತೆರೆಯಿರಿ.

ಇನ್ನು ಕರೆಂಟು. ಹೋಗಿ ಬರುವ ಕರೆಂಟಿನಿಂದ ಕಂಪ್ಯೂಟರಿಗಿಂತ ಹೆಚ್ಚು ಪೆಟ್ಟು ತಿನ್ನುವುದು ಒಳಗಿನ ಹಾರ್ಡ್ ಡಿಸ್ಕ್. ಮನೆಯ ಇನ್ವರ್ಟರ್ ಇದ್ದರೆ ಅದರ ಹಿಂದೆ ಸಾಮಾನ್ಯವಾಗಿ ಒಂದು ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಯುಪಿಎಸ್ ಕಡೆ ಹಾಕಿ, ಕರೆಂಟು ಹೋದಾಗ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ತಪ್ಪುತ್ತದೆ. ರೂಟರ್ ಕೂಡ ಇನ್ವರ್ಟರ್ ಲೈನಿನಲ್ಲೇ ಇರಲಿ. ನಾನು ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದ್ದೇನೆ. ಅದಕ್ಕೆ ಬ್ಯಾಟರಿ ತನ್ನದೇ ಇದೆ. ಫೈಲುಗಳು ಮೊದಲೇ ತಯಾರಾಗಿರುವುದರಿಂದ ಅಷ್ಟು ಹಳೇ ಮಷಿನ್‌ಗೂ ಈ ಕೆಲಸ ಭಾರವಲ್ಲ. ಲಿನಕ್ಸ್ ಗೊತ್ತಿದ್ದವರು ಅದರಲ್ಲಿ ಮಿನಿಡಿಎಲ್‌ಎನ್‌ಎ ಅನ್ನುವ ಸರ್ವರ್ ಹಾಕಬಹುದು. ಅದು ಟ್ರಾನ್ಸ್‌ಕೋಡಿಂಗ್ ಮಾಡುವುದಿಲ್ಲ, ನಮಗೆ ಬೇಕಾಗಿಯೂ ಇಲ್ಲ.

ಈ ಸಲ ಗವಿಮಠದ ಜಾತ್ರೆಗೆ ಅಪ್ಪನ ಹಳೇ ಮೇಳದವರು ಮನೆಗೆ ಬಂದಿದ್ದರು. ಊಟ ಆದ ಮೇಲೆ ಅವ್ವನೇ ಟಿವಿ ಹಚ್ಚಿದಳು. ಒಂದು ಕಡೆ ಬಂದಾಗ ಅಪ್ಪ ಮುಂದಕ್ಕೆ ಬಾಗಿ, "ತಡಿ ತಡಿ, ಹಿಂದಕ್ಕ ತಗೊ, ಆ ಹೆಜ್ಜಿ ನಾ ತಪ್ಪೀನಿ" ಅಂದರು. ಹಿಂದಕ್ಕೆ ಹೋಯಿತು. ಮೂರು ಸಲ ನೋಡಿದರು. ತಪ್ಪಿದ್ದು ಅಪ್ಪನದಲ್ಲ, ಮದ್ದಳೆಯದು ಅಂತ ಒಬ್ಬರು ವಾದ ಹೂಡಿದರು. ಹೋಗುವಾಗ ಮೂರು ಜನ ಪೆನ್‌ಡ್ರೈವ್ ಕೊಟ್ಟು ಹೋದರು. ಎಲ್ಲವೂ ಹಳೇ ಎಫ್‌ಎಟಿ32 ಫಾರ್ಮ್ಯಾಟಿನವು, ಅವುಗಳಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ನಮ್ಮವು ಒಂದೂವರೆ ಜಿಬಿ, ಆರಾಮಾಗಿ ಹಿಡಿಸಿದವು.